ನಡುವಿನ ಮಾತು

ಹೋದ ಏಪ್ರಿಲ್ಲಿನಲ್ಲಿ ಗೊಬ್ಬರದ ಚೀಲವನ್ನು
ನಿಂತಲ್ಲೇ ಎತ್ತಿ, ನಿಂತಲ್ಲೇ ತಿರುಗಿ,
ಅರ್ಧ ದಾರಿಯಲ್ಲಿ ಸಿಕ್ಕಿಕೊಂಡೆ.
ಚೀಲ ಬಿತ್ತು. ನಾನು ಬೀಳಲಿಲ್ಲ, ಏಳಲೂ ಇಲ್ಲ.
ಮೂವತ್ತೆರಡು ವರ್ಷ ವೂಚ್ ನಗರದ ಟ್ರಾಮ್ ಓಡಿಸಿದವನು
ಒಮ್ಮೆಯೂ ಹಳಿ ತಪ್ಪಿದವನಲ್ಲ;
ತಪ್ಪಿದ್ದು ಇಲ್ಲಿ, ಬೀಟ್‌ರೂಟಿನ ಪಾತಿಯಲ್ಲಿ,
ನಲವತ್ತನೇ ನಂಬರಿನ ತುಂಡು ತೋಟದಲ್ಲಿ,
ಬೆನ್ನಿನ ಕೆಳಗಿನಿಂದ ನಾಲ್ಕನೆಯೋ ಐದನೆಯೋ ಮಣಿಯಲ್ಲಿ.

ಬೇಲಿಯಾಚೆ ಗೆನೊವೆಫಾಗೆ ಕಂಡದ್ದು ನನ್ನ ಟೊಪ್ಪಿಗೆ ಮಾತ್ರ.
ಮುಳುಗಿದ್ದು ಮೇಲೇಳಲಿಲ್ಲವಲ್ಲ ಎಂದು
ಕೈಯಲ್ಲಿ ಮೂಲಂಗಿ ಹಿಡಿದೇ ಬಂದಳು.
ಜಗ್ಗಿ ಎತ್ತಲಿಲ್ಲ. ಅಯ್ಯೋ ಅನ್ನಲಿಲ್ಲ.
ಮೆಲ್ಲಗೆ ಮಲಗಿಸಿ, ಬಕೆಟ್ಟು ಬೋರಲು ಹಾಕಿ,
ಎರಡೂ ಮೀನಖಂಡ ಅದರ ಮೇಲಿಟ್ಟು,
ತಾನೂ ಹಸಿ ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತಳು.
“ಮೋಡ ನೋಡು ಲುತ್ಸ್ಯಾನ್, ಬೇರೆ ಕೆಲಸವಿಲ್ಲ ಈಗ.”
ನೋಡಿದೆ. ಇಪ್ಪತ್ತು ನಿಮಿಷ.
ಯಾವ ಸಿಗ್ನಲ್ಲಿಗೂ ನಾನು ಅಷ್ಟು ಹೊತ್ತು ನಿಂತವನಲ್ಲ.

ಹತ್ತಿ ಗಿರಣಿಯಲ್ಲಿ ನೂಲು ಕಡಿದಾಗಲೆಲ್ಲ ಬಗ್ಗಿದವಳು ಅವಳು,
ದಿನಕ್ಕೆ ಎಷ್ಟು ನೂರು ಸಲವೋ. ಜೊತೆಗಿದ್ದ ಹೆಂಗಸರು
ಈಗಲೂ ನೆಲ ನೋಡುತ್ತಲೇ ರೊಟ್ಟಿಯಂಗಡಿಗೆ ಹೋಗುತ್ತಾರೆ.
ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು;
ಬಗ್ಗಿದವಳಿಗೆ ಎಷ್ಟೆಂದು ಲೆಕ್ಕ ಇಟ್ಟವರಿಲ್ಲ.
ಇವಳಿಗೆ ಮಾತ್ರ ಮಗ್ಗದ ಮುದುಕಿಯೊಬ್ಬಳು
ಕಿವಿ ಹಿಂಡಿ ಹೇಳಿದ್ದಳಂತೆ:
ನೂಲಿಗೆ ಮಂಡಿ ಕೊಡು, ಬೆನ್ನು ಕೊಡಬೇಡ.

ಈ ವರ್ಷ ನಾನು ಅವಳ ಶಿಷ್ಯ.
ಡಿಪೋದವರು ಎಸೆದ ಟ್ರಾಮಿನ ಸೀಟಿನ ಮೇಲೆ
ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು ಕಳೆ ಕೀಳುತ್ತೇನೆ.
ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿ, ಪ್ರಾರ್ಥನೆಯೆಂದುಕೊಂಡು,
ಸದ್ದಾಗದಂತೆ ದಾಟಿ ಹೋದರು.
ಗುದ್ದಲಿಗೆ ಎದೆಮಟ್ಟದ ಬರ್ಚ್ ಕಾವು.
ತುಂಬಿದ ಒಂದು ಕ್ಯಾನಿನ ಬದಲು ಅರ್ಧರ್ಧ ಎರಡು:
ತಕ್ಕಡಿಯ ಹಾಗೆ ನಡೆಯುತ್ತೇನೆ, ಚೆಲ್ಲುವುದೂ ಸಮಸಮ.
ಚೀಲವನ್ನು ಹೊಟ್ಟೆಗೆ ಅವಚಿಕೊಂಡು ಏಳುತ್ತೇನೆ,
ಪರಚಬಹುದಾದ ಪಕ್ಕದ ಮನೆಯ ಬೆಕ್ಕನ್ನು ಎತ್ತಿದಂತೆ.
ತಿರುಗುವುದನ್ನು ಮಾತ್ರ ಅವಳು ಕಲಿಸಬೇಕಿರಲಿಲ್ಲ.
ಗಾಲಿ ಮೊದಲು, ಡಬ್ಬಿ ಆಮೇಲೆ.
ಅಷ್ಟು ವರ್ಷ ಕಾಲ ಕೆಳಗೇ ಇದ್ದ ಪಾಠ
ಸೊಂಟದವರೆಗೆ ಹತ್ತಿ ಬರಲು ಒಂದು ಚೀಲ ಗೊಬ್ಬರ ಹಿಡಿಯಿತು.

ಬೇಲಿಯ ಪಕ್ಕ ಹದಿನೆಂಟು ನಿಮಿಷಕ್ಕೊಂದು ಟ್ರಾಮ್.
ಗಂಟೆ ಕೇಳಿದರೆ ಕೈಲಿದ್ದದ್ದನ್ನು ಬಿಟ್ಟು ಎದ್ದು,
ನಡುವಿಗೆ ಅಂಗೈ ಊರಿ ಹಿಂದಕ್ಕೆ ವಾಲುತ್ತೇನೆ.
ಓಡಿಸುವ ಹುಡುಗಿ, ತನಗೇ ಸಲಾಮೆಂದುಕೊಂಡು,
ಇನ್ನೊಮ್ಮೆ ಗಂಟೆ ಬಾರಿಸುತ್ತಾಳೆ.
ನಾನು ಇನ್ನೊಮ್ಮೆ ವಾಲಬೇಕಾಗುತ್ತದೆ.

ನಿನ್ನೆ ಸಂಜೆ ಬೇಲಿಯಾಚೆ ಹಳದಿ ತಲೆವಸ್ತ್ರ ಮುಳುಗಿತು.
ಓಡಿದೆ.
ಗುರುವಿನ ಕಾಲು ನೆಟ್ಟಗೆ, ಬೆನ್ನು ಕಮಾನು,
ಆಲೂಗಡ್ಡೆಯ ಸಾಲಿಗೆ ನುಗ್ಗಿದ ಖಾರಮೂಲಂಗಿಯ
ಜುಟ್ಟು ಹಿಡಿದು ಹಲ್ಲು ಕಚ್ಚಿ ಜಗ್ಗುತ್ತಿದ್ದಾಳೆ.
ನನ್ನ ಬೂಟು ಕಂಡು ಕೈಬಿಟ್ಟಳು.
“ಬಾಯಿ ತೆರೆದೆಯೋ, ನೋಡು.”
ತೆರೆಯಲಿಲ್ಲ. ಬಕೆಟ್ಟು ಬೋರಲು ಹಾಕಿದೆ.
ಅವಳು ಮೋಡ ನೋಡಿದಳು, ನಾನು ಬೇರು ನೋಡಿದೆ:
ಮೊಣಕೈಯಷ್ಟು ಮೇಲೆ, ಒಳಗೆ ಇನ್ನೆಷ್ಟೋ.
ಅಗೆಯಲೇ ಅಂದೆ. ಬೇಡ, ಇರಲಿ ಅಂದಳು.
ಅದರ ಹಟಕ್ಕೆ ನಮ್ಮ ಎರಡು ಬೆನ್ನು ಸಾಲವು.

ಕೈ ಕೆಸರಾದರೆ ಬಾಯಿ ಮೊಸರು ಎಂದವರು
ಕೈಗೂ ಬಾಯಿಗೂ ನಡುವೆ
ನಡು ಒಂದಿದೆ ಎನ್ನುವುದನ್ನು ಎತ್ತಲೇ ಇಲ್ಲ.
ಅವಳೆದ್ದ ಮೇಲೆ ಹೊಸ ಆಲೂಗಡ್ಡೆ ಬೇಯಿಸಿ,
ಸಬ್ಬಸಿಗೆ ಹರಿದು ಉದುರಿಸಿ,
ತಣ್ಣನೆಯ ಮೊಸರು ಸುರಿದುಕೊಂಡು
ಗುಡಿಸಲಿನ ಗೋಡೆಗೆ ಒರಗಿ ನಿಂತೇ ತಿಂದೆವು.
ಬೆಂಚು ತೀರಾ ಕೆಳಗಿದೆ.
ಕೂತರೆ, ಮೊದಲು ಏಳುವವರು ಯಾರು?