ಆ ಕಡಿ ದಂಡಿ

ಹೆಳವ ಬಂದಾನ. ಎತ್ತಿನ ಕೊರಳ ಗಂಟಿ
ಕಬ್ಬಲಿಗೇರ ಓಣಿ ತಿರುವಿನಾಗೇ ಕೇಳಿಸ್ತು.
ಐದು ವರ್ಷಕ್ಕೊಮ್ಮೆ ಬರೋ ಮನುಷ್ಯಾ,
ಈ ಸಲ ಅವನಲ್ಲ, ಅವನ ಮಗ;
ಎತ್ತೂ ಬ್ಯಾರೆ. ಪುಸ್ತಕ ಮಾತ್ರ ಅದೇ,
ಕೆಂಪು ಅರಿವಿ ಸುತ್ತಿದ್ದು, ಅಂಚಿಗೆ ಇಲಿ ಕಡಿದದ್ದು.

ಕಟ್ಟಿ ಮ್ಯಾಲ ಕುಂತು ಓದತಾನ:
ತಾಯಪ್ಪನ ಮಗ ಮಲ್ಲಣ್ಣ, ಹೊಳಿ ದಾಟಸ್ತಿದ್ದ.
ಮಲ್ಲಣ್ಣನ ಮಗ ಭೀಮಶಪ್ಪ, ಹೊಳಿ ದಾಟಸ್ತಿದ್ದ.
ಭೀಮಶಪ್ಪನ ಮಗ ಸಾಯಬಣ್ಣ...
ಅಲ್ಲಿಗೆ ಬೆರಳು ನಿಂತಿತು.
"ಇಲ್ಲೇನೋ ಹೊಡೆದು ಬರದಾರಲ್ರಿ?"

ಹೊಡೆಸಿದಾಕಿ ನಮ್ಮಾಯಿ, ದೇವಕೆಮ್ಮ.

ಯಾದಗಿರಿ ಭೀಮೆಗೆ ಸೇತುವೆ ಆಗೋ ತನಕ
ಮುತ್ಯಾನ ಹರಗೋಲೇ ರಸ್ತಾ.
ಸುಗ್ಗಿಗೆ ಮನಿಗೆರಡು ಸೇರು ಜೋಳ;
ಬಸುರಿಗೆ, ಹೆಣಕ್ಕ ಪುಕ್ಕಟೆ.
ಸೇತುವೆ ಮ್ಯಾಲ ಮೊದಲನೇ ಲಾರಿ ಹೋದ ದಿನ
ಹರಗೋಲು ಬೋರಲು ಹಾಕಿ, ಅದರ ಬೆನ್ನ ಮ್ಯಾಲ ಕುಂತು
ಒಂದು ಬೀಡಿ ಸೇದಿದನಂತ.
ಮರುದಿನ ಬೊಂಬಾಯಿ ಗಾಡಿ.

ಬಂದರಿನಾಗ ಹಮಾಲಿ, ಆಮ್ಯಾಲ ಹಡಗಿನಾಗ ಖಲಾಸಿ.
"ಈಜು ಬರ್ತದೇನು?" ಕೇಳಿದ್ರಂತ ಭರತಿ ಮಾಡಕೊಳ್ಳೋರು.
ನಕ್ಕನಂತ. ನಕ್ಕಿದ್ದಕ್ಕೇ ಕೆಲಸ ಸಿಕ್ತು.

ಅಕ್ಷರ ಬರದವನ ಕಾರ್ಡು ಯಾರೋ ಮರಾಠಿಯಾಗ ಬರೀತಿದ್ರು,
ಟೇಶನ್ನಿನ ಪಾರ್ಸಲ್ ಬಾಬು ಓದಿ ಹೇಳ್ತಿದ್ದ.
ಒಟ್ಟು ಮೂರು. ಮೊದಲನೇದರಾಗ ಪಗಾರದ ಲೆಕ್ಕ.
ಎರಡನೇದರಾಗ ಹುಟ್ಟಿದ ಮಗನಿಗೆ ಹೆಸರು.
ಮೂರನೇದರಾಗ:
"ಇಲ್ಲಿ ನೀರಿಗೆ ಆ ಕಡಿ ದಂಡಿ ಇಲ್ಲ.
ಎಂಟು ದಿನ ಆತು, ನೋಡಕೋತ ನಿಂತೀನಿ."

ಆಮ್ಯಾಲ ಬಂದದ್ದು ಇಂಗ್ಲಿಷ್ ಕಾಗದ.
ಬಾಬು ಅದನ್ನ ಎರಡು ಸಲ ಓದಿದ, ತನಗಷ್ಟೇ.
ಟೋಪಿ ತೆಗೆದ.
ರಾತ್ರಿ ಪಾಳಿ. ಗಾಳಿ. ಮುಂಜಾನೆ ಎಣಿಕೆಗೆ ಒಬ್ಬ ಕಮ್ಮಿ.

ಹಿರೇರು ಕೂಡಿದ್ರು. ಬಳಿ ಒಡೀಬೇಕು ಅಂದ್ರು.
"ಹೆಣ ತೋರಸ್ರಿ, ಒಡೀತೀನಿ" ಅಂದಳು ಆಯಿ.
ಹುಲ್ಲಿನ ಗೊಂಬಿ ಮಾಡಿ ಹೂಳೋಣು ಅಂದ್ರು.
"ಹುಲ್ಲಿನ ಗೊಂಬಿನ ನಾ ಮದಿವಿ ಆಗಿಲ್ಲ."

ಕಂಪನಿ ರೊಕ್ಕಕ್ಕ ಹೆಬ್ಬೆಟ್ಟು ಬೇಕಿತ್ತು,
ಸತ್ತಾನ ಅಂತ ಬರೆದದ್ದರ ಕೆಳಗ.
ನಾಕು ವರ್ಷ ಒತ್ತಲಿಲ್ಲ.
ಐದನೇ ವರ್ಷ ಮಾಳಗಿ ಸೋರ್ತು, ಅಪ್ಪನ ಸಾಲಿ ಬಿಡಿಸೋ ಮಾತು ಬಂತು,
ಒತ್ತಿದಳು. ಮಸಿ ಮೂರು ದಿನ ಹೋಗಲಿಲ್ಲಂತ.
"ಸತ್ತವನ ರೊಕ್ಕ ತಗೊಂಡು ಬಳಿ ಹಾಕ್ಯಾಳ ನೋಡು" ಅಂತು ಓಣಿ.
"ಅದು ಅವನ ಪಗಾರ ಬಾಕಿ" ಅಂದು
ಎಮ್ಮಿ ತಂದು ಕಟ್ಟಿ ಹಾಲು ಮಾರಿದಳು,
ಅಂದವರಿಗೇ.

ಆ ವರ್ಷ ದೊಡ್ಡ ಹೆಳವ ಬಂದಾಗ
ಸಾಯಬಣ್ಣನ ಮುಂದ 'ಹೋದ' ಅಂತ ಬರೆದು ಓದಿದ.
ಆಯಿ ಮೊರದಾಗ ಜೋಳ ಹಿಡಕೊಂಡು, ಸುರುವದೆ ನಿಂತಳು.
"ಹೋದ ಅಲ್ಲ. ಹೋಗ್ಯಾನ ಅಂತ ಬರಿ."
"ಎರಡಕ್ಕೂ ಫರಕ ಏನವ್ವಾ?"
"ಬಾಯಿಲೆ ಅಂದು ನೋಡು.
ಮೊದಲನೇದಕ್ಕ ಬಾಗಿಲ ಹಾಕ್ಕೋತಾರ."

ಅಪ್ಪ ಒಮ್ಮೆ ಮುಂಬೈದಿಂದ ಸಮುದ್ರದ ನೀರು ತಂದಿದ್ದ,
ಗ್ಲೂಕೋಸ್ ಬಾಟಲಿಯಾಗ. ಆಯಿ ಬೆರಳದ್ದಿ ನೆಕ್ಕಿದಳು.
"ಇಷ್ಟು ಉಪ್ಪಾ! ಅವಗ ಉಪ್ಪು ಕಮ್ಮಿ ಬೇಕು."
ಉಳಿದದ್ದನ್ನ ಹೊಳಿಗೆ ಸುರುವಿ ಬಂದಳು, ಅವನ ಕಡಿ ಹೋಗಲಿ ಅಂತ.
ನಾ ಸಾಲಿಯಾಗ ಕಲಿತಿದ್ದೆ:
ಭೀಮೆ ಕೃಷ್ಣೆಗೆ, ಕೃಷ್ಣೆ ಮೂಡಲ ಕಡಲಿಗೆ.
ಮುತ್ಯಾ ಹೋದದ್ದು ಪಡುವಲ ಕಡಲಾಗ.
ಹೇಳಲಿಲ್ಲ.

ಹೋದ ಶ್ರಾವಣದಾಗ ಆಯಿನ್ನ ಬಳಿ ಸಮೇತ ಮಣ್ಣಿಗಿಟ್ಟೀವಿ.
ಹೆಳವನ ಮಗ ಪೆನ್ನಿನ ಟೊಪ್ಪಿಗಿ ಹಲ್ಲಿಲೆ ಹಿಡಿದು ಕೇಳತಾನ:
"ಸಾಯಬಣ್ಣನ ಹೆಂಡತಿ ದೇವಕೆಮ್ಮ... ಏನಂತ ಬರೀಲಿ?"

ಮೊರ ತರ್ತೀನಿ ಅಂತ ಒಳಗ ಬಂದೆ.
ಜೋಳ ಅಳಕೋತ ಅಳಕೋತ ಎಣಿಕೆ ತಪ್ಪಿತು.
ಹೊರಗ ಎತ್ತು ತಲಿ ಝಾಡಿಸ್ತು.
ಸೇರು ಬರಿದು ಮಾಡಿ
ಮತ್ತ ಲಾಭದಿಂದ ಸುರು ಮಾಡಿದೆ.