ನೂರಕ್ಕೆ ಒಂಬತ್ತು

ಗುರುವಾರ ಟೆಂಡರು. ಬೆಳಗಿನ ಆರಕ್ಕೇ
ಬ್ಯಾಡಗಿಯ ಗಾಳಿಗೆ ಘಾಟು.
ಸ್ಟುಡಿಯೋ ಶಟರ್ ಎತ್ತುವಾಗ ಮೂರು ಸಲ ಸೀನುತ್ತೇನೆ,
ನಾಲ್ಕನೆಯದು ಕಂಪ್ಯೂಟರು ಏಳುವ ಹೊತ್ತಿಗೆ.

ಶೆಟ್ಟರ ಫೋನು:
"ಮಾಲಿನ ಫೋಟೋ ಕಳಿಸೀನಿ, ಒಂಚೂರು ಕಾವು ಕೊಡು.
ಇಂದೋರಿನವರು ಮಧ್ಯಾಹ್ನದೊಳಗ ನೋಡಬೇಕು."

ತಗಡಿನ ಚಪ್ಪರದ ಕೆಳಗೆ ತೆಗೆದದ್ದು.
ನೆರಳಿನ ನೀಲಿ ಕೂತು ಕಡ್ಡಿಗಾಯಿ
ಜ್ವರ ಬಿಟ್ಟವರ ತುಟಿಯ ಹಾಗೆ.

ಕೊಡುತ್ತೇನೆ ಕಾವು.
ಚಿತ್ರದ ಮೇಲೊಂದು ಪದರ, ಪದರದ ತುಂಬ ಕಿತ್ತಳೆ,
ಬೆಳಕು ಕೆಡದಿರಲಿ ಎಂಬ ಚೌಕಕ್ಕೆ ಟಿಕ್ಕು.
ಪಟ್ಟಿಯಲ್ಲಿ ಅದರ ಹೆಸರು: ಬಿಸಿ, ಎಂಬತ್ತೈದು.
ಸಾಂದ್ರತೆ ನೂರಕ್ಕೆ ಇಪ್ಪತ್ತೈದು.
ಒಮ್ಮೆಲೇ ರಾಶಿಗೆ ರಕ್ತ ಹರಿಯುತ್ತದೆ.
ಮೌಸಿನ ಮೇಲಿನ ಅಂಗೈ ಮಾತ್ರ
ಇದ್ದಷ್ಟೇ ತಣ್ಣಗೆ.

ನಮ್ಮೂರಿಗೇನು ಇದು ಹೊಸದಲ್ಲ.
ನಮ್ಮ ಕಾಯಿ ಮಾರುವುದೇ ಬಣ್ಣ;
ಕಾರ ಹೆಸರಿಗಷ್ಟೆ.

ಬುಡನಸಾಬ ಮಾಸ್ತರ ಕಾಲಕ್ಕೆ ಎಂಬತ್ತೈದು ಒಂದು ಗಾಜು,
ಬಿಸ್ಕೀಟಿನ ಡಬ್ಬಿಯೊಳಗೆ, ಮಲ್ ಬಟ್ಟೆ ಸುತ್ತಿಕೊಂಡು.
ಪಕ್ಕದಲ್ಲಿ ನೀಲಿ, ಎಂಬತ್ತು.
ಮೋಡಕ್ಕೆ ಕಿತ್ತಳೆ, ಗುಂಡು ಬಲ್ಬಿಗೆ ನೀಲಿ.
"ಹಾಕಿ ಹೊಡದ ಮ್ಯಾಲೆ ತೆಗಿಯಾಕ ಬರಂಗಿಲ್ಲ ತಮ್ಮಾ,
ಮೊದಲ ವಿಚಾರ ಮಾಡು."
ಸ್ಟೋವಿಗೆ ಪಂಪು ಹೊಡೆಯುತ್ತ ಇನ್ನೊಂದು ಹೇಳುವರು:
"ಕೆಂಪು ಉರಿ ಮಂದ, ನೀಲಿ ಉರಿ ಸುಡೂದು.
ಬಣ್ಣಕ್ಕ ಬಿಸಿ, ತಂಪು ಅಂತ ಹೆಸರಿಟ್ಟಾಂವ
ಒಲಿ ಮುಂದ ಕುಂತಾಂವ ಅಲ್ಲ."

ಹತ್ತಕ್ಕೆ ಫಕ್ಕೀರವ್ವ ಬಂದಳು, ಗೇಟಿನ ಕಾರ್ಡಿಗೆ ಫೋಟೋ.
ಎಂಟು ವರ್ಷದಿಂದ ತೊಟ್ಟು ಮುರಿಯುವವಳು;
ಎರಡೂ ಕೈ ಮೈಯಿಂದ ದೂರ ಹಿಡಿದಿದ್ದಳು
ಹಸಿ ಮದರಂಗಿಯ ಮದುಮಗಳ ಹಾಗೆ.
ಪರದೆಯ ಮೇಲೆ ರಾಶಿ ಬಣ್ಣ ಬದಲಿಸುವುದು ಕಂಡು,
"ಇದೇನ್ರಿ?"
"ಬಿಸಿ ಮಾಡೂದು. ಇತ್ತ ಎಳದ್ರ ತಂಪು."
"ಹಂಗಾರ ಆ ತಂಪಿಂದು ಈ ಕೈಗೆ ಒಂದೀಟು ಹಾಕ್ರಿ.
ರಾತ್ರಿ ಮೊಸರು ಹಚ್ಚಿದ್ರೂ ನಿದ್ದಿ ಇಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

ಡಬ್ಬಿ ಇಳಿಸಿದೆ. ಅಂಚು ಚಕ್ಕೆ ಎದ್ದ ನೀಲಿ ಗಾಜು,
ಒಳಗಿನ್ನೂ ಬೆಳಗಿನ ಚಳಿ.
ಅಂಗೈಯಲ್ಲಿಟ್ಟೆ. ಕಣ್ಣು ಮುಚ್ಚಿದಳು
ಪ್ರಿಂಟರು ಒಂದು ಹಾಳೆ ಹೊರಹಾಕುವಷ್ಟು ಹೊತ್ತು.
"ಆತು, ಕಾದು ಹೋತು ಇದೂ."
ಆಮೇಲೆ ಕಣ್ಣಿಗೆ ತಾಗದ ಹಾಗೆ ಗೇಣು ದೂರ ಹಿಡಿದು
ಬಾಗಿಲಾಚೆಯ ಚೀಲಗಳನ್ನು ನೋಡಿದಳು.
"ಅಯ್ಯ, ಮಾಲೆಲ್ಲ ಕರ್ರಗ!
ಶೆಟ್ಟರಿಗೆ ಮಾತ್ರ ಕೊಡಬ್ಯಾಡ್ರಿ ಇದನ್ನ,
ನಮ್ಮ ಕೂಲಿನೂ ಕಡೀತಾರ."
ಎದ್ದು ಹೋಗುವಾಗ ಹೇಳಿದಳು,
"ನನ್ನ ಮಾರಿಗೆ ಏನೂ ಹಾಕಬ್ಯಾಡ್ರಿ,
ಗೇಟಿನ್ಯಾಗ ಗುರ್ತು ಸಿಗಬೇಕು."

ಹಾಕಲಿಲ್ಲ. ಎಂಟು ಪ್ರತಿ, ಅರವತ್ತು ರೂಪಾಯಿ,
ನೋಟಿಗೂ ಘಾಟು.

ಮತ್ತೆ ರಾಶಿಯ ಮುಂದೆ ಕೂತೆ.
ಇಪ್ಪತ್ತೈದನ್ನು ಹದಿನೆಂಟಕ್ಕೆ ಎಳೆದೆ, ಹನ್ನೆರಡಕ್ಕೆ.
ಸೊನ್ನೆಗೆ ತಂದರೆ ಖರೆ ಆದೀತು ಅಂದುಕೊಂಡಿದ್ದೆ;
ತಗಡಿನ ನೆರಳು ಹೇಳಿದ ಸುಳ್ಳು
ಅಲ್ಲೇ ಕೂತಿತ್ತು, ನೀಲಿಯಾಗಿ.

ಅವಳ ಸೆರಗಿನಿಂದ ಒಂದು ಕಾಯಿ ನೆಲಕ್ಕೆ ಬಿದ್ದಿತ್ತು.
ಎತ್ತಿ ಪರದೆಯ ಪಕ್ಕ ಹಿಡಿದೆ.
ಅದನ್ನೊಮ್ಮೆ, ಇದನ್ನೊಮ್ಮೆ ನೋಡುತ್ತ ಒತ್ತಿದೆ:
ಎಂಟು ಕಡಿಮೆ, ಹತ್ತು ಹೆಚ್ಚು.
ಒಂಬತ್ತರಲ್ಲಿ ಎರಡೂ ಒಂದಾದವು,
ಸುಮಾರಾಗಿ.

ಕಳಿಸಿದೆ. ಶೆಟ್ಟರು: "ಸಪ್ಪಗೈತಲ್ಲೋ!"
"ಕಾಯಿ ಹಂಗೇ ಐತ್ರಿ," ಅಂದೆ,
ಅನ್ನುತ್ತ, ಮರೆತು, ಕಣ್ಣುಜ್ಜಿಕೊಂಡೆ.

ಉರಿ! ಕಾರ ಹೆಸರಿಗಷ್ಟೆ ಎಂದವನ್ಯಾರು?
ಪರದೆ, ರಾಶಿ, ಒಂಬತ್ತು ಎಲ್ಲ ಕೂಡಿ ನೀರು.
ತಡಕಾಡುತ್ತ ನೀಲಿ ಗಾಜಿಗೆ ಕೈಚಾಚಿ
ರೆಪ್ಪೆಯ ತನಕ ತಂದು, ನಿಲ್ಲಿಸಿದೆ.
ಅದಕ್ಕೂ ತಾಗಿತ್ತು
ಅವಳ ಕೈ.