ತಲೆಗೆ ದಾರಿ

ನಿಟ್ಟೂರಿನಲ್ಲಿ ನಮ್ಮ ಬಸ್ಸು ಮಲಗುವ ಹೊತ್ತು
ಒಂಬತ್ತೂವರೆ. ಹಿಂದಿನ ಉದ್ದ ಸೀಟಿನಲ್ಲಿ ನಾನು,
ಐದು ನಂಬರಿನ ಕ್ರೋಶಾ ಕಡ್ಡಿ,
ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ
ಇಟ್ಟಿಗೆ ಬಣ್ಣದ ಉಲ್ಲನ್.

ಕಲಿಸಿದ್ದು ಲೀನಾ ಸಿಸ್ಟರ್. ಸಂಪೆಕಟ್ಟೆಯಲ್ಲಿ ಹತ್ತಿ
ಹೊಸನಗರದ ಆಸ್ಪತ್ರೆಗೆ, ದಿನವೂ ಮೂರನೇ ಸೀಟು.
'ಪಾಂಚೊ ಅಂದರೆ ಕಂಬಳಿಕೊಪ್ಪೆಯ ಮೊಮ್ಮಗಳು.
ಎರಡು ಚೌಕ ಹೆಣೆ, ಅಂಚು ಕೂಡಿಸು, ತಲೆಗೆ ದಾರಿ ಬಿಡು.
ತೋಳಿಲ್ಲ, ಗುಂಡಿಯಿಲ್ಲ. ಹೆದರಬೇಡ ಮಾರಾಯ.'

ಎಪ್ಪತ್ತು ಸರಪಳಿ. ಅದರ ಮೇಲೆ ಒಂದೊಂದೇ ಕಂಬ.
ಹದಿನೆಂಟು ವರ್ಷ ತಲೆ ಎಣಿಸಿದವನು ನಾನು,
ಲೆಕ್ಕ ತಪ್ಪುತ್ತದೆಯೇ?
ತಪ್ಪಿತು. ಹತ್ತನೇ ಸಾಲಿಗೆ ಅರವತ್ತೊಂದು.
ಸಾಲಿನ ಕೊನೇ ಕಣ್ಣು ಪ್ರತಿ ಸಲವೂ
ಟಿಕೆಟ್ಟಿಲ್ಲದೆ ಇಳಿದುಹೋಗಿತ್ತು.
ಪೂರಾ ಬಿಚ್ಚಿದೆ.

ಎಂಜಿನ್ ಪಕ್ಕ ಡ್ರೈವರ್ ದ್ಯಾವಪ್ಪನ ಗೊರಕೆ.
ಅವನ ಕಡೆಯ ಗಾಜು ಒಡೆದು ಎರಡು ತಿಂಗಳು;
ಓನರಿಗೆ ಇನ್ನೂ 'ನಾಳೆ' ಆಗಿಲ್ಲ.
ಐದೂಕಾಲರ ಇಬ್ಬನಿ ನೇರ ಅವನ ಬಲ ಹೆಗಲಿಗೆ.
ಸ್ವೆಟರ್ ಹಾಕಿದರೆ ತಿರುವಿನಲ್ಲಿ
ಕಂಕುಳು ಹಿಡಿಯುತ್ತದಂತೆ.

ಇವತ್ತು ಐದಕ್ಕೇ ಎಬ್ಬಿಸಿ ತೊಡಿಸಿದೆ.
ಹಣೆಯಲ್ಲಿ ಸಿಕ್ಕಿಕೊಂಡಿತು.
ಒಳಗಿನಿಂದ ದನಿ: 'ಇದೇನೋ, ಗೋಣಿಚೀಲವಾ?'
ಅವನು ನಿಂತ ಹಾಗೇ ಅರ್ಧ ಗೇಣು ಹೊಲಿಗೆ ಬಿಚ್ಚಿದೆ.
ಮೊದಲು ಮೂಗು ಬಂತು,
ಆಮೇಲೆ ಅವನು.

ಎರಡೂ ಕೈ ಬೀಸಿ ಸ್ಟೇರಿಂಗ್ ತಿರುಗಿಸಿ ನೋಡಿದ,
ಬಸ್ಸು ಇನ್ನೂ ಹೊರಟೇ ಇರಲಿಲ್ಲ.

ಸಂಪೆಕಟ್ಟೆಯಲ್ಲಿ ಸಿಸ್ಟರ್ ಹತ್ತಿದರು.
ಚಿಲ್ಲರೆ ನನ್ನ ಕೈಗಿಟ್ಟು
ಅವನ ಬೆನ್ನಿನ ಕಂಬಗಳನ್ನು
ತುಟಿಯಲ್ಲೇ ಎಣಿಸುತ್ತ ಕೂತರು.
ನಾನು ರೈಟ್ ಹೇಳುವುದನ್ನು ಮರೆತೆ.